ಅದನ್ನ ಪ್ರೇಮಕಥೆ ಅಂತಲೇ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಸಿನಿಮಾ ಪುಟದಲ್ಲಿ ಒಂದು ಚಿಕ್ಕ ಇಂಡಿಪೆಂಡೆಂಟ್ ಸಿನಿಮಾದ ರಿವ್ಯೂ ಬಂದಿತ್ತು, ಇಬ್ಬರು ಹುಡುಗರು ಗುಟ್ಟಾಗಿ ಪ್ರೀತಿಸೋ ಕಥೆ. ಪುಟದ ಕೆಳಗೆ ಒಂದು ಮೂಲೆಯಲ್ಲಿ ಚೂರೇ ಚೂರು ಜಾಗ, ಆದ್ರೂ ಬಂತಲ್ಲ ಅಂತ ಖುಷಿಯಾಯ್ತು, ಸ್ಟಾರ್ ಇಲ್ಲದ ಹಾಡಿಲ್ಲದ ಸಿನಿಮಾಗಳಿಗೆ ಅಷ್ಟು ಜಾಗ ಸಿಗೋದೂ ಕಷ್ಟ ಅಂತ ಗೊತ್ತು ನಂಗೆ. ಆ ಸಿನಿಮಾನ ನಾನು ಅದಕ್ಕೆ ಎರಡು ದಿನ ಮುಂಚೆನೇ ನೋಡಿದ್ದೆ, ನನ್ನ ಮಗನ ಪಕ್ಕ ಕೂತ್ಕೊಂಡು, ಅವನ ಲ್ಯಾಪ್‌ಟಾಪಲ್ಲಿ. ಹಾಗಾಗಿ ಪೇಪರ್ ಕೈಗೆ ಬಂದ ತಕ್ಷಣ "ನೋಡೋ ಇಲ್ಲಿ, ನಾವು ನೋಡಿದ್ವಲ್ಲ, ಅದರ ಬಗ್ಗೆ ಬಂದಿದೆ" ಅಂತ ಜೋರಾಗಿ ಓದೋಕೆ ಶುರು ಮಾಡ್ದೆ. ಮೊದಲನೇ ಸಾಲನ್ನೇ ಮುಗಿಸೋಕಾಗ್ಲಿಲ್ಲ. "ಸಲಿಂಗಕಾಮಿಗಳಿಬ್ಬರ ಬೋಲ್ಡ್ ಕಥೆ" ಅಂತಿತ್ತು. ನಾನು ತಡವರಿಸಿದ್ದು ನೋಡಿ ಮಗ "ಬಿಡಮ್ಮ, ಎಲ್ಲಾ ಕಡೆ ಹಿಂಗೇ ಬರೆಯೋದು" ಅಂದ. ಅವನು ಸಿಟ್ಟಲ್ಲಿ ಹೇಳಿದ್ರೆ ನಾನು ಈ ಪತ್ರ ಬರೀತಿರ್ಲಿಲ್ವೋ ಏನೋ, ಸಿಟ್ಟೇ ಇರ್ಲಿಲ್ಲ ಅವನ ದನಿಯಲ್ಲಿ, ಅಭ್ಯಾಸ ಆಗಿಹೋಗಿರೋರು ಹೇಳೋ ಥರ ಹೇಳ್ದ ನೋಡಿ, ಅದಕ್ಕೇ ಬರೀತಿದೀನಿ.

ಸಿನಿಮಾದ ಹೆಸರು ಇಲ್ಲಿ ಬರೆಯಲ್ಲ. ನನ್ನ ತಕರಾರು ಆ ಒಂದು ಸಿನಿಮಾದ್ದೂ ಅಲ್ಲ, ಆ ರಿವ್ಯೂ ಬರೆದೋರ ಮೇಲೂ ಅಲ್ಲ, ಪದದ ಮೇಲೆ.

ಕಥೆ ದೊಡ್ಡದೇನಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ಇಬ್ಬರು ಹುಡುಗರು, ಒಂದೇ ಕಡೆ ಕೆಲಸ, ಒಬ್ಬನ ಮನೆಗೆ ಇನ್ನೊಬ್ಬ "ಫ್ರೆಂಡ್" ಅಂತ ಬಂದು ಹೋಗ್ತಿರ್ತಾನೆ. ಒಬ್ಬನ ನಂಬರ್ ಇನ್ನೊಬ್ಬನ ಫೋನಲ್ಲಿ ಬೇರೆ ಯಾವುದೋ ಹೆಸರಲ್ಲಿ, ಎಲೆಕ್ಟ್ರಿಷಿಯನ್ ಅಂತ ಸೇವ್ ಆಗಿರತ್ತೆ. ಮೆಸೇಜ್ ಬಂದ್ರೆ ಓದಿದ ಕೂಡ್ಲೇ ಅಳಿಸಿಬಿಡ್ತಾರೆ, ಫೋನ್ ಯಾವಾಗ್ಲೂ ಮೇಜಿನ ಮೇಲೆ ಬೋರಲು. ಎಲ್ಲರ ಜೊತೆ ಫೋಟೋ ತೆಗೆಸ್ಕೊಳ್ಳೋವಾಗ ಒಬ್ಬ ಈ ತುದಿ ಒಬ್ಬ ಆ ತುದಿ, ಬೇಕಂತಲೇ. ಜನ ಇದ್ದಾಗ ಒಬ್ಬರಿಗೊಬ್ಬರು ಬ್ರೋ ಬ್ರೋ ಅಂತ ಬೆನ್ನು ತಟ್ಕೊಂಡು ಮಾತಾಡ್ತಾರೆ, ಇಬ್ಬರೇ ಇದ್ದಾಗ ಮಾತ್ರ ಹೆಸರು ಹಿಡಿದು ಕರೀತಾರೆ. ಹೆಸರು ಹಿಡಿದು ಕರೆಯೋದೇ ಅವರಿಗೆ ಮುದ್ದು. ಈ ಒಂದು ವಿಷಯ ಸಿನಿಮಾದಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ಅರ್ಧ ಸಿನಿಮಾ ಆದ್ಮೇಲೆ ನಮಗೇ ಹೊಳೆಯತ್ತೆ, ಹೊಳೆದಾಗ ಗಂಟಲು ಕಟ್ಟತ್ತೆ.

ಇಡೀ ಸಿನಿಮಾದಲ್ಲಿ ಇರೋದು ಒಂದೇ ಒಂದು ಮುತ್ತು. ಅದೂ ಕತ್ತಲಲ್ಲಿ, ಕರೆಂಟ್ ಹೋಗಿರೋವಾಗ, ಕರೆಂಟ್ ಬಂದ ಕೂಡ್ಲೇ ಇಬ್ಬರೂ ದೂರ ಸರೀತಾರೆ. ಉಳಿದಿದ್ದೆಲ್ಲಾ ಕೈ. ಮೇಜಿನ ಕೆಳಗೆ ಕಿರುಬೆರಳು ತಾಗೋದು, ಪೆನ್ ಕೊಡೋ ನೆಪದಲ್ಲಿ ಒಂದು ಕ್ಷಣ ಜಾಸ್ತಿ ಹಿಡ್ಕೊಳ್ಳೋದು, ಒಬ್ಬನ ಶರ್ಟು ಇನ್ನೊಬ್ಬನ ಮನೇಲಿ ಉಳಿದುಹೋಗಿ ಅದನ್ನ ಅವನು ಒಗೆಯದೇ ಮಡಚಿ ಇಟ್ಕೊಳ್ಳೋದು. ಇಷ್ಟನ್ನ ನೋಡಿ ಎದ್ದು ಬಂದು "ಕಾಮ" ಅನ್ನೋ ಪದ ಹೇಗೆ ನೆನಪಿಗೆ ಬಂತು ಅಂತ ನಂಗೆ ಅರ್ಥ ಆಗ್ಲಿಲ್ಲ ಸಾರ್.

ಕಾಮ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಪ್ರೇಮ ಇದ್ದ ಕಡೆ ಅದೂ ಇರತ್ತೆ, ಇರ್ಲಿ. ಆದ್ರೆ ಒಂದು ಹುಡುಗ ಒಂದು ಹುಡುಗಿ ಮರ ಸುತ್ತಿ ಮಳೇಲಿ ನೆನೆದು ಅಪ್ಕೊಂಡು ಹಾಡಿದ ಸಿನಿಮಾಗೆ ನೀವು ಯಾವತ್ತಾದ್ರೂ "ಭಿನ್ನಲಿಂಗಕಾಮಿಗಳಿಬ್ಬರ ಕಥೆ" ಅಂತ ಬರೆದಿದೀರಾ? ಪ್ರೇಮಕಥೆ ಅಂತೀರ, ನವಿರಾದ ಪ್ರೇಮಕಥೆ ಅಂತೀರ, ಮುಗ್ಧ ಪ್ರೇಮ, ಹದಿಹರೆಯದ ಒಲವು, ಎಷ್ಟು ಚೆಂದದ ಪದಗಳಿವೆ ನಮ್ಮ ಭಾಷೇಲಿ, ಒಲಿದ್ರು ಅನ್ನೋ ಒಂದೇ ಪದಕ್ಕೆ ಎಷ್ಟು ಅರ್ಥ ಇದೆ. ಅದೆಲ್ಲಾ ಇದ್ದೂ ಈ ಇಬ್ಬರು ಹುಡುಗರ ವಿಷಯಕ್ಕೆ ಬಂದಾಗ ಮಾತ್ರ ಕೈ ಸೀದಾ ಆ ಒಂದು ಪದದ ಮೇಲೇ ಹೋಗತ್ತೆ. ಇಲ್ಲಾಂದ್ರೆ ಪೂರ್ತಿ ಉಲ್ಟಾ, "ಇಬ್ಬರು ಗೆಳೆಯರ ಅಪೂರ್ವ ಸ್ನೇಹದ ಕಥೆ" ಅಂತ ಬರೆದುಬಿಡ್ತಾರೆ, ಓದಿದೋರಿಗೆ ಏನೂ ಗೊತ್ತಾಗ್ಬಾರ್ದು ಅನ್ನೋ ಥರ. ಒಂದು ಕಡೆ ಕಾಮ, ಇನ್ನೊಂದು ಕಡೆ ಸ್ನೇಹ, ನಡುವೆ ಇರಬೇಕಾದ ಪದ ಎಲ್ಲಿ ಹೋಯ್ತು? ಸಲಿಂಗ ಪ್ರೇಮ ಅಂತ ಬರೆದ್ರೂ ಆಯ್ತು, ಬರೀ ಪ್ರೇಮ ಅಂದ್ರೆ ಇನ್ನೂ ಒಳ್ಳೇದು. ಮಗನ್ನ ಕೇಳಿದೆ, ನಿಂಗೆ ಯಾವ ಪದ ಬೇಕೋ ಅಂತ. "ಗೇ ಅಂತ ಬರೀಲಿ ತೊಂದ್ರೆ ಇಲ್ಲ, ನಾವೇ ಹಂಗಂತ ಕರ್ಕೋತೀವಿ, ಆದ್ರೆ ಹುಡುಗರು ಪ್ರೀತಿಸ್ತಾರೆ ಅಂತಲೂ ಒಂದ್ಸಲ ಬರೀಲಿ" ಅಂದ.

ಈಗ ಬೋಲ್ಡ್ ಅನ್ನೋ ಪದಕ್ಕೆ ಬರ್ತೀನಿ. ಆ ಪದನ ನಾವು ಯಾವುದಕ್ಕೆಲ್ಲಾ ಬಳಸ್ತೀವಿ ಅಂತ ನಿಮಗೂ ಗೊತ್ತು, ಬಟ್ಟೆ ಕಮ್ಮಿ ಇದ್ರೆ ಬೋಲ್ಡ್, ಬೆಡ್‌ರೂಮ್ ಸೀನ್ ಇದ್ರೆ ಬೋಲ್ಡ್. ಧೈರ್ಯ ಅನ್ನೋ ಅರ್ಥದಲ್ಲಿ ಹೇಳೋದಾದ್ರೆ ಧೈರ್ಯ ಅಂತಲೇ ಹೇಳ್ಬೋದಲ್ಲ. ಆ ಇಬ್ಬರು ನಟರು ಧೈರ್ಯ ಮಾಡಿದಾರೆ, ನಿಜ, ಆ ಹುಡುಗರ ಮನೆಯೋರೂ ಈ ಸಿನಿಮಾ ನೋಡ್ತಾರಲ್ವಾ, ಮುಂದೆ ಕೆಲಸ ಕೊಡೋರೂ ನೋಡ್ತಾರೆ. ಅದನ್ನ ಒಂದು ಸಾಲು ಬರೆದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ನಟನೆ ಬಗ್ಗೆ ಆ ರಿವ್ಯೂನಲ್ಲಿ ಒಂದೇ ಒಂದು ವಾಕ್ಯ ಇರ್ಲಿಲ್ಲ, ಇಡೀ ರಿವ್ಯೂ ವಿಷಯ ಎಂಥದ್ದು ಅನ್ನೋದರ ಬಗ್ಗೇನೇ.

ಇನ್ನೊಂದು ತಪ್ಪು ಇದೆ, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಕೊನೇಲಿ ಈ ಸಿನಿಮಾನ 'ನಾನು ಅವನಲ್ಲ... ಅವಳು' ಜೊತೆ ಹೋಲಿಸಿದೀರ. ಅದು ಬಿ.ಎಸ್. ಲಿಂಗದೇವರು ಅವರ ಸಿನಿಮಾ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು, ನಂಗೂ ತುಂಬಾ ಇಷ್ಟ. ಆದ್ರೆ ಅದು ಟ್ರಾನ್ಸ್ ಹೆಣ್ಣುಮಗಳ ಕಥೆ, ತಾನು ಯಾರು ಅನ್ನೋ ಪ್ರಶ್ನೆ ಅಲ್ಲಿರೋದು. ಇಲ್ಲಿ ಈ ಇಬ್ಬರೂ ತಾವು ಗಂಡುಮಕ್ಕಳೇ ಅನ್ನೋದರಲ್ಲಿ ಒಂದಿಷ್ಟೂ ಅನುಮಾನ ಇಲ್ಲದೋರು, ಯಾರನ್ನ ಪ್ರೀತಿಸ್ತೀನಿ ಅನ್ನೋದಷ್ಟೇ ಪ್ರಶ್ನೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕ್ಬೇಡಿ. ನಾನೂ ಮೊದಮೊದಲು ಹಾಗೇ ಕಲಸಿಕೊಂಡಿದ್ದೆ, ಮಗನ್ನ "ನಿಂಗೆ ಹುಡುಗಿ ಆಗ್ಬೇಕು ಅನ್ಸತ್ತಾ" ಅಂತ ಕೇಳಿದ್ದೆ, ಅವನು ತಾಳ್ಮೆಯಿಂದ ಇಲ್ಲಮ್ಮ ಅದು ಬೇರೆ ಇದು ಬೇರೆ ಅಂತ ಕೂರಿಸ್ಕೊಂಡು ಹೇಳ್ಕೊಟ್ಟ.

ನಿಮ್ಮ ರಿವ್ಯೂನಲ್ಲಿ "ಮಧ್ಯಂತರದ ಹೊತ್ತಿಗೆ ಶಾಕ್ ಕೊಡುವ ತಿರುವು" ಅಂತಾನೂ ಇತ್ತು. ಅಲ್ಲಿ ಯಾವ ತಿರುವೂ ಇಲ್ಲ ಸಾರ್. ಅವರಿಬ್ಬರ ವಿಷಯ ನಮಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗತ್ತೆ. ನೋಡ್ತಿರೋ ನಮಗೆ ಗೊತ್ತು, ಆ ಹುಡುಗರಿಗೆ ಗೊತ್ತು, ಸಿನಿಮಾ ಒಳಗಿರೋ ಬೇರೆ ಯಾರಿಗೂ ಗೊತ್ತಿಲ್ಲ, ಇಡೀ ಸಿನಿಮಾ ನಿಂತಿರೋದೇ ಇದರ ಮೇಲೆ. ಹಾಗಾಗಿ ಪ್ರತೀ ಸಲ ಯಾರೋ ಮೆಟ್ಟಿಲು ಹತ್ತಿದಾಗ, ಫೋನ್ ರಿಂಗ್ ಆದಾಗ, ಆಫೀಸಲ್ಲಿ ಯಾರೋ ತಮಾಷೆಗೆ "ನಿಮ್ಮಿಬ್ರನ್ನೂ ಬೇರೆ ಬೇರೆಯಾಗಿ ನೋಡೇ ಇಲ್ವಲ್ಲೋ" ಅಂದಾಗ ಉಸಿರು ಬಿಗಿ ಹಿಡಿಯೋದು ನಾವು. ಏನೂ ಆಗಲ್ಲ, ಅವನು ನಗ್ತಾ ಹೋಗ್ಬಿಡ್ತಾನೆ, ಆದ್ರೂ ಎದೆ ಹೊಡ್ಕೊಳ್ಳತ್ತೆ. ಕೊಲೆ ಸಿನಿಮಾದಲ್ಲೂ ನಂಗೆ ಇಷ್ಟು ಭಯ ಆಗಿರ್ಲಿಲ್ಲ.

ದುಡ್ಡಿಲ್ಲದ ಸಿನಿಮಾ ಅನ್ನೋದು ಇಲ್ಲಿ ಕೊರತೆ ಅಲ್ಲ ಅಂತಲೂ ಅನ್ನಿಸ್ತು. ಎರಡು ಮೂರು ಜಾಗ, ಐದಾರು ಜನ, ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಡಬ್ಬಿಂಗ್ ಮಾಡದೆ ಶೂಟ್ ಮಾಡೋವಾಗಿನ ಸದ್ದನ್ನೇ ಇಟ್ಕೊಂಡಿದಾರೆ. ಗುಟ್ಟಾಗಿ ಬದುಕೋರಿಗೆ ಪ್ರಪಂಚ ಇರೋದೇ ಹಾಗೆ ಅಲ್ವಾ, ಒಂದು ರೂಮು, ಒಂದು ಬಾಗಿಲು, ಆಚೆ ಕಡೆಯಿಂದ ಬರೋ ಸದ್ದು. ಕ್ಯಾಮೆರಾ ಎಷ್ಟೋ ಸಲ ಬಾಗಿಲ ಸಂದಿಯಿಂದ ನೋಡತ್ತೆ, ಅರ್ಧ ಮುಖ ಕಾಣತ್ತೆ, ಅರ್ಧ ಗೋಡೆ. ದೊಡ್ಡ ಸಿನಿಮಾ ಆಗಿದ್ರೆ ಆ ಮೌನದ ತುಂಬಾ ಪಿಟೀಲು ಬಾರಿಸಿ ನಮ್ಮ ಕೈಲಿ ಅಳಿಸ್ತಿದ್ರು.

ಆ ಸದ್ದಿನ ವಿಷಯ ಹೇಳ್ಲೇಬೇಕು, ಯಾಕಂದ್ರೆ ನಾನು ಪತ್ರ ಬರೆಯೋಕೆ ಕೂತಿದ್ದು ಅದರಿಂದಾನೂ ಹೌದು. ಆ ಸಿನಿಮಾದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸೋ ಸದ್ದು ಪೊಲೀಸರ ಸೈರನ್ ಅಲ್ಲ, ರೌಡಿಗಳ ಕೂಗಲ್ಲ. ಅಮ್ಮನ ಚಪ್ಪಲಿ ಸದ್ದು. ಆ ಅಮ್ಮ ಕೆಟ್ಟವಳಲ್ಲ, ಬೈಯಲ್ಲ, ಹೊಡೆಯಲ್ಲ, ಮಗನ ಫ್ರೆಂಡ್ ಬಂದಿದಾನೆ ಅಂತ ತಿನ್ನೋಕೆ ಏನಾದ್ರೂ ಹಿಡ್ಕೊಂಡು ರೂಮ್ ಕಡೆ ಬರ್ತಿರ್ತಾಳೆ ಪಾಪ, ಚಪ್ಪಲಿ ಟಪ್ ಟಪ್ ಅನ್ನತ್ತೆ, ಒಳಗೆ ಇಬ್ಬರೂ ಬೆಂಕಿ ತಾಗಿದೋರ ಥರ ಎದ್ದು ಒಬ್ಬ ಕಿಟಕಿ ಹತ್ರ ಒಬ್ಬ ಪುಸ್ತಕ ಹಿಡ್ಕೊಂಡು ಕೂರ್ತಾರೆ. "ಬಾಗಿಲು ಯಾಕೋ ಹಾಕ್ಕೊಂಡಿದೀಯ, ಸೆಖೆ ಅಲ್ವಾ" ಅಂತಾಳೆ ಅವಳು, ಅಷ್ಟೇ.

ನಾನು ಲ್ಯಾಪ್‌ಟಾಪ್ ನಿಲ್ಲಿಸೋಕೆ ಹೇಳ್ದೆ. ಆ ಮಾತನ್ನ ನಾನು ಆಡಿದೀನಿ, ಎಷ್ಟು ಸಲ ಆಡಿದೀನೋ ಲೆಕ್ಕ ಇಲ್ಲ. ಅವನು ಕಾಲೇಜಲ್ಲಿದ್ದಾಗ ಒಬ್ಬ ಹುಡುಗ ಬರ್ತಿದ್ದ ನಮ್ಮ ಮನೆಗೆ, ತುಂಬಾ ಒಳ್ಳೇ ಹುಡುಗ, ಬಂದವನು ಮೊದಲು ನನ್ನನ್ನ ಮಾತಾಡಿಸ್ತಿದ್ದ, ಆಮೇಲೆ ಒಂದಿನ ಬರೋದು ನಿಲ್ಲಿಸ್ದ. ಎಲ್ಲಿ ನಿನ್ನ ಫ್ರೆಂಡ್ ಕಾಣಿಸ್ತಿಲ್ಲ ಅಂತ ಕೇಳಿದ್ದಕ್ಕೆ ಮಗ ಬೇರೆ ಊರಿಗೆ ಹೋದ ಅಂದ. ಆ ತಿಂಗಳೆಲ್ಲಾ ಅವನು ಸರಿಯಾಗಿ ಊಟ ಮಾಡ್ಲಿಲ್ಲ, ಓದಿನ ಟೆನ್ಷನ್ ಅಂದ್ಕೊಂಡೆ. ನನ್ನ ಮಗನ ಮೊದಲ ಪ್ರೇಮ ಮುರಿದು ಬಿದ್ದಿತ್ತು ನನ್ನ ಮನೆಯೊಳಗೇ, ನಂಗೆ ಗೊತ್ತಾಗ್ಲಿಲ್ಲ. ಹುಡುಗಿ ಆಗಿದ್ರೆ ಗೊತ್ತಾಗ್ತಿತ್ತು, ಯಾಕಂದ್ರೆ ಹುಡುಗಿ ಇದಾಳಾ ಅಂತ ನಾನು ಹುಡುಕ್ತಿದ್ದೆ, ಫೋನ್ ಬಿಲ್ ನೋಡ್ತಿದ್ದೆ, ಬ್ಯಾಗ್ ನೋಡ್ತಿದ್ದೆ. ಈ ಹುಡುಗನ್ನ ನಾನೇ ಬಾಗಿಲು ತೆಗೆದು ಒಳಗೆ ಕರೀತಿದ್ದೆ, ಒಂದು ದಿನಕ್ಕೂ ಅನುಮಾನ ಬರ್ಲಿಲ್ಲ.

ಮಗ ನಂಗೆ ಹೇಳಿದ್ದು ಅವನಿಗೆ 24 ಆದಾಗ. ನಾನು ಮೊದಲು ಕೇಳಿದ ಮಾತು "ಯಾರಾದ್ರೂ ಡಾಕ್ಟರ್ ಹತ್ರ ಹೋಗೋಣ್ವಾ" ಅಂತ. ಆ ಮಾತನ್ನ ವಾಪಸ್ ತಗೋಳೋಕೆ ಆಗಿದ್ರೆ ಏನು ಬೇಕಾದ್ರೂ ಕೊಡ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ, ಅಂದ್ರೆ ನನ್ನ ಮಗ ಹುಟ್ಟೋಕೂ ಮೊದಲೇ. ಗುಣ ಮಾಡ್ತೀವಿ ಅಂತ ಹೇಳ್ಕೊಂಡು ಮಾಡೋ ಚಿಕಿತ್ಸೆನ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆ ಅಂತ ಹೇಳಿದೆ. ಇದ್ಯಾವುದೂ ನಂಗೆ ಅವತ್ತು ಗೊತ್ತಿರ್ಲಿಲ್ಲ, ನಂಗೆ ಗೊತ್ತಿದ್ದಿದ್ದು ಪೇಪರಲ್ಲಿ ಓದಿದ ಪದಗಳು ಮಾತ್ರ. "ವಿಚಿತ್ರ ಪ್ರೇಮ", "ಅಸ್ವಾಭಾವಿಕ", "ವಿಕೃತ", ಇಂಥವೇ. ಮಗ ಬಂದು ಕೂತ್ಕೊಂಡು ನಡುಗ್ತಾ ಹೇಳ್ತಿದ್ದಾಗ ನನ್ನ ತಲೇಲಿ ಓಡ್ತಿದ್ದಿದ್ದು ಆ ಹೆಡ್‌ಲೈನುಗಳು ಸಾರ್. ಅದಕ್ಕೇ ಪದದ ಬಗ್ಗೆ ಇಷ್ಟು ಹಟ ಮಾಡ್ತಿರೋದು.

ಈ ಅಸ್ವಾಭಾವಿಕ ಅನ್ನೋದು ಬಂದಿದ್ದೆಲ್ಲಿಂದ ಅಂತ ನಾನು ಆಮೇಲೆ ಓದ್ಕೊಂಡೆ. 1860ರ ದಂಡ ಸಂಹಿತೆಯ 377ನೇ ಕಲಂ, ಬ್ರಿಟಿಷರು ಬರೆದಿದ್ದು, ಪ್ರಕೃತಿಯ ನಿಯಮಕ್ಕೆ ವಿರುದ್ಧ ಅಂತ ಅದರಲ್ಲಿತ್ತು, ಜೀವಾವಧಿವರೆಗೂ ಶಿಕ್ಷೆ ಕೊಡ್ಬೋದಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರು ಒಪ್ಪಿ ಜೊತೆಗಿರೋದು ಅಪರಾಧ ಅಲ್ಲ ಅಂದ್ರು. ಅವರಲ್ಲಿ ಇಂದೂ ಮಲ್ಹೋತ್ರಾ ಅವರು ತಮ್ಮ ತೀರ್ಪಲ್ಲಿ ಇತಿಹಾಸ ಈ ಜನರ ಕ್ಷಮೆ ಕೇಳಬೇಕು ಅಂತ ಬರೆದಿದಾರೆ, ಈ ಜನರದ್ದು ಮಾತ್ರ ಅಲ್ಲ, ಅವರ ಕುಟುಂಬದವರದ್ದೂ. ಆ ಕೊನೇ ಪದ ಓದಿ ನಾನು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಕುಟುಂಬದವರು ಅಂದ್ರೆ ನಾನೂ ಸೇರಿದೆ ಅಲ್ವಾ. ನಂಗಿಂತ ದೊಡ್ಡೋರು ಯಾರೋ, ನನ್ನ ಮುಖನೂ ನೋಡದೋರು, ನನ್ನ ಪರವಾಗಿ ಅಷ್ಟು ಬರೆದಿದ್ರು. 2023ರ ಅಕ್ಟೋಬರಲ್ಲಿ ಮದುವೆಯ ಹಕ್ಕು ಕೊಡೋಕಾಗಲ್ಲ ಅಂತ ಅದೇ ಕೋರ್ಟ್ ಹೇಳಿದ್ದೂ ಗೊತ್ತು, ಅವತ್ತು ಮಗ ರಾತ್ರಿ ತಡವಾಗಿ ಬಂದ, ನಾನೂ ಏನೂ ಕೇಳ್ಲಿಲ್ಲ.

ಇಂಥ ಸಿನಿಮಾಗಳು ಈಗಿನ ಫ್ಯಾಷನ್ ಅಂತ ಹೇಳೋರಿದಾರೆ, ಅವರಿಗೆ ಹೇಳ್ಬೇಕು, 1919ರಲ್ಲೇ ಜರ್ಮನಿಯಲ್ಲಿ ಒಂದು ಸಿನಿಮಾ ಬಂದಿತ್ತು, 'ಆಂಡರ್ಸ್ ಆಲ್ಸ್ ಡೀ ಆಂಡರ್ನ್', ಉಳಿದೋರ ಹಾಗಲ್ಲ ಅನ್ನೋ ಅರ್ಥ. ಮೂಕಿ ಸಿನಿಮಾ. ಪಿಟೀಲು ನುಡಿಸೋ ಒಬ್ಬ ಕಲಾವಿದ, ಅವನ ಶಿಷ್ಯ, ನಡುವೆ ಗುಟ್ಟು ತಿಳ್ಕೊಂಡು ದುಡ್ಡು ಕೀಳೋನು ಒಬ್ಬ. ಮಾಗ್ನುಸ್ ಹಿರ್ಷ್‌ಫೆಲ್ಡ್ ಅಂತ ನಿಜವಾದ ಡಾಕ್ಟರೊಬ್ಬರು ಕಥೆ ಬರೆಯೋಕೆ ಕೈಜೋಡಿಸಿ ಅದರಲ್ಲಿ ಡಾಕ್ಟರ್ ಪಾತ್ರಾನೂ ಮಾಡಿದಾರೆ, ಇದು ರೋಗ ಅಲ್ಲ, ಅಪರಾಧ ಅಲ್ಲ ಅಂತ ಆ ಪಾತ್ರದ ಬಾಯಲ್ಲಿ ಹೇಳಿಸಿದಾರೆ, ನೂರು ವರ್ಷಕ್ಕೂ ಹಿಂದೆ! ಮಾರನೇ ವರ್ಷವೇ ಸಾರ್ವಜನಿಕರಿಗೆ ತೋರಿಸೋದು ಬ್ಯಾನ್ ಆಯ್ತು, 1933ರಲ್ಲಿ ನಾಜಿಗಳು ಆ ಡಾಕ್ಟರ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನ ಹೊತ್ಕೊಂಡು ಹೋಗಿ ಸುಟ್ಟರು, ಸಿನಿಮಾ ಇವತ್ತು ಪೂರ್ತಿ ಸಿಗಲ್ಲ, ತುಣುಕುಗಳಷ್ಟೇ ಉಳಿದಿವೆ. ಇಂಗ್ಲೆಂಡಲ್ಲಿ 1961ರಲ್ಲಿ 'ವಿಕ್ಟಿಮ್' ಬಂತು, ಡರ್ಕ್ ಬೊಗಾರ್ಡ್ ಆಗ ಹೆಣ್ಣುಮಕ್ಕಳು ಹುಚ್ಚೆದ್ದು ನೋಡ್ತಿದ್ದ ನಟ, ಅವರು ಒಪ್ಕೊಂಡು ಮಾಡಿದ್ರು. ಅದರಲ್ಲೂ ಬ್ಲಾಕ್‌ಮೇಲ್. ನೋಡಿ ಎರಡೂ ಕಥೆ ನಡೆಯೋದು ಬ್ಲಾಕ್‌ಮೇಲ್ ಮೇಲೇ, ಕಾನೂನು ಅಪರಾಧ ಅಂದ ಮೇಲೆ ಪ್ರೀತಿಯ ಹಿಂದೆನೇ ಹೆದರಿಸೋನೊಬ್ಬ ಹುಟ್ಕೋತಾನೆ. 'ವಿಕ್ಟಿಮ್' ಬಂದು ಆರು ವರ್ಷಕ್ಕೆ, 1967ರಲ್ಲಿ, ಅಲ್ಲಿ ಕಾನೂನು ಬದಲಾಯ್ತು.

ಸತ್ತು ಮುಗಿಯೋ ಕಥೆಗಳ ಬಗ್ಗೆನೂ ಒಂದು ಮಾತು ಹೇಳ್ಬೇಕು, ಯಾಕಂದ್ರೆ ನಿಮ್ಮ ರಿವ್ಯೂನಲ್ಲಿ "ಕ್ಲೈಮ್ಯಾಕ್ಸ್‌ನಲ್ಲಿ ತೀವ್ರತೆ ಸಾಲದು" ಅಂತಿದೆ. ಆ ಜರ್ಮನ್ ಸಿನಿಮಾದಲ್ಲಿ ಪಿಟೀಲಿನೋನು ವಿಷ ಕುಡೀತಾನೆ, 'ವಿಕ್ಟಿಮ್'ನಲ್ಲಿ ಯುವಕನೊಬ್ಬ ಲಾಕಪ್ಪಲ್ಲಿ ನೇಣು ಹಾಕ್ಕೋತಾನೆ, ಆಮೇಲೆ ಎಷ್ಟೋ ಸಿನಿಮಾಗಳಲ್ಲಿ ಇಬ್ಬರಲ್ಲೊಬ್ಬ ಸಾಯಲೇಬೇಕು ಅನ್ನೋ ಹಾಗೆ. ಇಂಗ್ಲಿಷ್ ಲೇಖಕ ಇ.ಎಂ. ಫಾರ್ಸ್ಟರ್ 1913–14ರಲ್ಲಿ 'ಮಾರಿಸ್' ಅಂತ ಒಂದು ಕಾದಂಬರಿ ಬರೆದ್ರು, ಇಬ್ಬರು ಗಂಡಸರು ಕೊನೆಗೆ ಜೊತೆಯಾಗೋ ಕಥೆ, ಅದನ್ನ ತಾವು ಬದುಕಿರೋವರೆಗೂ ಪ್ರಿಂಟ್ ಮಾಡಿಸ್ಲೇ ಇಲ್ಲ, 1971ರಲ್ಲಿ, ಅವರು ತೀರ್ಕೊಂಡ ಮಾರನೇ ವರ್ಷ ಬಂತು. ಅದಕ್ಕೆ ಅವರೇ ಬರೆದಿಟ್ಟ ಟಿಪ್ಪಣಿ ಇದೆ, ಹುಡುಗ ನೇಣಿಗೆ ಜೋತಾಡೋ ಹಾಗೆ ಮುಗಿಸಿದ್ರೆ ಯಾರಿಗೂ ತಕರಾರಿರ್ತಿರ್ಲಿಲ್ಲ, ಸುಖವಾಗಿ ಮುಗಿಸಿದ್ದೇ ತೊಂದರೆ ಅನ್ನೋ ಅರ್ಥದ್ದು. ನಾವು ನೋಡಿದ ಸಿನಿಮಾದಲ್ಲಿ ಯಾರೂ ಸಾಯಲ್ಲ. ಕೊನೇ ಸೀನಲ್ಲಿ ಒಬ್ಬ ಬಸ್ಸಲ್ಲಿ ಕೂತು ಫೋನ್ ತೆಗೆದು ಆ ಎಲೆಕ್ಟ್ರಿಷಿಯನ್ ಅನ್ನೋದನ್ನ ಅಳಿಸ್ತಾನೆ, ಅವನ ನಿಜವಾದ ಹೆಸರನ್ನ ಒಂದೊಂದೇ ಅಕ್ಷರ ಟೈಪ್ ಮಾಡ್ತಾನೆ, ಫೋನ್ ಬೋರಲು ಹಾಕದೆ ತೊಡೆ ಮೇಲೆ ಇಟ್ಕೊಂಡು ಕಿಟಕಿ ಆಚೆ ನೋಡ್ತಾನೆ. ತೀವ್ರತೆ ಸಾಲದು ಅಂತೀರಲ್ಲ, ನಂಗೆ ಅದಕ್ಕಿಂತ ತೀವ್ರವಾದ ಕ್ಲೈಮ್ಯಾಕ್ಸ್ ಬೇಡ. ನನ್ನ ಮಗನ ವಯಸ್ಸಿನ ಹುಡುಗ ಬದುಕಿರೋದೇ ನಂಗೆ ಸಾಕು.

ನಮ್ಮ ದೇಶದ್ದೂ ಕಥೆ ಇದೆ. 1971ರಲ್ಲೇ, ಫಾರ್ಸ್ಟರ್ ಪುಸ್ತಕ ಬಂದ ವರ್ಷವೇ ನೋಡಿ, ಹಿಂದಿಯಲ್ಲಿ 'ಬದ್ನಾಮ್ ಬಸ್ತಿ' ಅಂತ ಪ್ರೇಮ್ ಕಪೂರ್ ನಿರ್ದೇಶನದ ಸಿನಿಮಾ, ಕಮಲೇಶ್ವರ್ ಅವರ ಕಾದಂಬರಿ ಆಧಾರಿತ, ಅದರಲ್ಲಿ ಇಬ್ಬರು ಗಂಡಸರ ನಡುವಿನ ಒಲವು ಇದೆ. ಆ ಸಿನಿಮಾ ಎಷ್ಟೋ ದಶಕ ಯಾರಿಗೂ ಸಿಗದೆ ಕಳೆದೇ ಹೋಗಿತ್ತು, 2019ರಲ್ಲಿ ಬರ್ಲಿನ್ನಿನ ಒಂದು ಆರ್ಕೈವಲ್ಲಿ ಅದರ ಪ್ರಿಂಟ್ ಸಿಕ್ತು. ಗುಟ್ಟಿನ ಪ್ರೀತಿ ಕಥೆ ಡಬ್ಬಿ ಒಳಗೆ ಗುಟ್ಟಾಗಿ ಅಷ್ಟು ವರ್ಷ ಕೂತಿತ್ತು, ಬೇರೆ ದೇಶದಲ್ಲಿ. ಮೊನ್ನೆ 2025ರಲ್ಲಿ ಮರಾಠಿಯ 'ಸಾಬರ್ ಬೋಂಡ' ಅಮೆರಿಕಾದ ಸನ್‌ಡ್ಯಾನ್ಸ್ ಫೆಸ್ಟಿವಲಲ್ಲಿ ಹೊರದೇಶದ ಕಥಾಚಿತ್ರಗಳ ವಿಭಾಗದ ಅತ್ಯುನ್ನತ ಬಹುಮಾನ ತಗೊಂಡಿತು, ರೋಹನ್ ಕಾನವಡೆ ಅವರ ಸಿನಿಮಾ, ಅಪ್ಪ ತೀರ್ಕೊಂಡಾಗ ಊರಿಗೆ ಬಂದ ಹುಡುಗನೊಬ್ಬನಿಗೂ ಊರಲ್ಲೇ ಇರೋ ಬಾಲ್ಯದ ಗೆಳೆಯನಿಗೂ ನಡುವೆ ಚಿಗುರೋ ಪ್ರೀತಿ. ಅದರಲ್ಲಿರೋ ಅಮ್ಮನಿಗೆ ಮಗನ ವಿಷಯ ಗೊತ್ತಿರತ್ತೆ. ಎಲ್ಲಾ ಗೊತ್ತಿದ್ದು ಮಗನ ಜೊತೆ ನಿಲ್ಲೋ ಒಬ್ಬ ಅಮ್ಮನ್ನ ತೆರೆ ಮೇಲೆ ನಾನು ಅದಕ್ಕೂ ಮುಂಚೆ ಕಂಡಿರ್ಲಿಲ್ಲ. ಹತ್ತು ವರ್ಷ ಮುಂಚೆ ಕಂಡಿದ್ರೆ ನಾನು ಡಾಕ್ಟರ್ ಮಾತು ಎತ್ತುತ್ತಿರ್ಲಿಲ್ಲ ಅಂತ ಅನ್ಸತ್ತೆ.

ನಿಮ್ಮ ರಿವ್ಯೂನ ಕೊನೇ ಸಾಲು "ಕುಟುಂಬ ಸಮೇತ ನೋಡುವಂಥದ್ದಲ್ಲ". ನಾವು ಕುಟುಂಬ ಸಮೇತವೇ ನೋಡಿದ್ವಿ. ನಿಲ್ಲಿಸಿದ ಜಾಗದಿಂದ ಮತ್ತೆ ಹಾಕು ಅಂತ ನಾನೇ ಹೇಳ್ದೆ. ಅಮ್ಮನ ಚಪ್ಪಲಿ ಸದ್ದು ಇನ್ನೂ ಎರಡು ಸಲ ಬಂತು, ಎರಡು ಸಲವೂ ನಾನು ಆ ಹುಡುಗರ ಜೊತೆ ಒಳಗೆ ಕೂತು ಹೆದರಿದೆ. ಅಷ್ಟು ವರ್ಷ ಬಾಗಿಲ ಆಚೆ ನಿಂತಿದ್ದೋಳು ನಾನು, ಒಂದೂಮುಕ್ಕಾಲು ಗಂಟೆ ಒಳಗಿದ್ದೆ, ಒಳಗಿಂದ ನಾನು ಹೇಗೆ ಕೇಳಿಸ್ತೀನಿ ಅಂತ ನಂಗೆ ಗೊತ್ತಾಯ್ತು. ಸಿನಿಮಾ ಮುಗಿದ ಮೇಲೆ ಮಗ ಆ ಕಾಲೇಜಿನ ಹುಡುಗನ ವಿಷಯ ಮೊದಲನೇ ಸಲ ಬಾಯಿಬಿಟ್ಟು ಹೇಳ್ದ. ಅವನು ಈಗ ಮದುವೆ ಆಗಿದಾನಂತೆ. ರಾತ್ರಿ ಒಂದೂವರೆವರೆಗೂ ಮಾತಾಡಿದ್ವಿ, ನನ್ನ ಮಗನ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದು ಅವನು ಸ್ಕೂಲಿಗೆ ಹೋಗ್ತಿದ್ದಾಗಲೇ ಕೊನೆ. ಕುಟುಂಬ ಸಮೇತ ನೋಡೋ ಸಿನಿಮಾ ಅಂದ್ರೆ ಇನ್ಯಾವುದಿರತ್ತೆ ನೀವೇ ಹೇಳಿ.

ನಿಮ್ಮ ಪೇಪರ್ ಎಷ್ಟು ಮನೆಗೆ ಹೋಗತ್ತೋ, ಅದರಲ್ಲಿ ಯಾವ ಯಾವ ಮನೇಲಿ ಯಾವ ಹುಡುಗ ಆ ಮೂಲೆಯ ರಿವ್ಯೂನ ಯಾರೂ ನೋಡದೇ ಇರೋವಾಗ ಓದಿರ್ತಾನೋ ನಂಗೆ ಅದೇ ಯೋಚನೆ. ಅವನ ಅಮ್ಮನೂ ಅದನ್ನೇ ಓದಿರ್ತಾಳೆ. ಇಬ್ಬರೂ ಒಂದೇ ಪದ ಓದಿ ಪುಟ ತಿರುವಿರ್ತಾರೆ, ಏನೂ ಮಾತಾಡಿರಲ್ಲ. ಅಲ್ಲಿ ಪ್ರೇಮಕಥೆ ಅಂತ ಇದ್ದಿದ್ರೆ ಅವರಲ್ಲೊಬ್ಬರಾದ್ರೂ "ಇದನ್ನ ನೋಡೋಣ್ವಾ" ಅಂತ ಕೇಳ್ತಿದ್ರೇನೋ. ಮುಂದಿನ ಸಲ ಇಂಥ ಸಿನಿಮಾ ಬಂದಾಗ ಬರೆಯೋರಿಗೆ ಇಷ್ಟು ಹೇಳಿ ದಯವಿಟ್ಟು, ಸಿನಿಮಾ ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಲೇ ಬರೀಲಿ, ಬೋರ್ ಹೊಡೀತು ಅಂತಲೂ ಬರೀಲಿ, ಇಂಥ ಸಿನಿಮಾ ಅಂತ ರಿಯಾಯಿತಿ ಏನೂ ಬೇಡ.

ಪತ್ರ ಹಾಕೋದಾದ್ರೆ ನನ್ನ ಹೆಸರು ಊರು ಹಾಕ್ಬೇಡಿ. ಹೆಸರಿಲ್ಲದ ಪತ್ರ ಪ್ರಕಟಿಸಲ್ಲ ಅಂತ ನಿಮ್ಮ ನಿಯಮ ಇರ್ಬೋದು, ಅದಕ್ಕೇ ಹೆಸರು ಫೋನ್ ನಂಬರ್ ಎರಡೂ ಬೇರೆ ಹಾಳೇಲಿ ಬರೆದು ಜೊತೆಗೆ ಇಟ್ಟಿದೀನಿ, ನಿಮಗೆ ಮಾತ್ರ. ನಂಗೆ ಹೆಸರು ಹಾಕೋಕೆ ಏನೂ ಭಯ ಇಲ್ಲ. ಹಾಕ್ಲಾ ಅಂತ ಮಗನ್ನ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ "ನಿನ್ನ ಹೆಸರು ಹಾಕಿದ್ರೆ ನನ್ನ ಹೆಸರು ಹಾಕಿದಂಗೇ ಅಲ್ವಾಮ್ಮ, ಆಫೀಸಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಸ್ವಲ್ಪ ದಿನ ತಡಿ" ಅಂದ. ತಡೀತೀನಿ ಅಂತ ಹೇಳಿದೀನಿ.

ಇಂತಿ,
ಇಪ್ಪತ್ತು ವರ್ಷದಿಂದ ನಿಮ್ಮ ಪೇಪರ್ ಓದ್ತಿರೋ ಒಬ್ಬ ಅಮ್ಮ